ಟಿ.ವಿ.ಗೆ ತಂತಿ ಎಳೆಯಿರಿ, ವೈಫೈ ಮೊಬೈಲಿಗಿರಲಿ

300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡ ಮನೆಯಲ್ಲೂ ಪಂದ್ಯದ ಕೊನೆಯ ಓವರಿನ ಹೊತ್ತಿಗೆ ಪರದೆಯ ನಡುವೆ ಚಕ್ರ ಸುತ್ತತೊಡಗುತ್ತದೆ. ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿದರೆ ಇನ್ನೂ ದುಬಾರಿ ಪ್ಲಾನ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಆದರೆ 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಮುನ್ನೂರರಲ್ಲಿ ಹದಿನೈದೂ ಟಿ.ವಿ.ಯನ್ನು ಮುಟ್ಟುತ್ತಿಲ್ಲವೆಂದರೆ ತೊಡಕು ಬೀದಿಯ ಫೈಬರಿನಲ್ಲಿ ಇರುವುದು ಕಡಿಮೆ, ರೂಟರಿನಿಂದ ಟಿ.ವಿ. ತನಕದ ಹತ್ತು ಮೀಟರಿನಲ್ಲಿರುವುದೇ ಹೆಚ್ಚು. ಪ್ಲಾನ್ ಬದಲಿಸುವ ಮೊದಲು ಆ ಹತ್ತು ಮೀಟರನ್ನು ಸರಿಪಡಿಸೋಣ.

ಮೊದಲು ಹಿಂಬದಿ ನೋಡಿ

ಸೆಟ್ ಟಾಪ್ ಬಾಕ್ಸನ್ನು ತಿರುಗಿಸಿ. ಈಚಿನ ಡಿಟಿಎಚ್ ಬಾಕ್ಸುಗಳಲ್ಲಿ ಹಲವು ಎರಡು ದಾರಿಯಿಂದ ಉಣ್ಣುತ್ತವೆ. ತಿರುಪಿ ಕೂರಿಸುವ ಗುಂಡನೆಯ ಕೇಬಲ್ ಚಾವಣಿಯ ಡಿಶ್‌ನಿಂದ ಬಂದದ್ದು; ಚಾನೆಲ್‌ಗಳೆಲ್ಲ ಅದರಲ್ಲಿ ಬರುತ್ತವೆ. ಪಕ್ಕದ ಚೌಕ ಕಿಂಡಿ ಲ್ಯಾನ್. ಯೂಟ್ಯೂಬ್ ಮುಂತಾದ ಆ್ಯಪ್‌ಗಳಿಗೆ ಬೇಕಾದ ಇಂಟರ್ನೆಟ್ ಇದರಿಂದ ಇಲ್ಲವೇ ವೈಫೈನಿಂದ ಬರಬೇಕು. ಡಿಶ್ ಕೇಬಲ್ಲಿನಲ್ಲಿ ಇಂಟರ್ನೆಟ್ ಬರುವುದಿಲ್ಲ. ಜೊತೆಗೆ, ಡಿಶ್‌ನ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಬಾಕ್ಸಿನಿಂದ 13 ಅಥವಾ 18 ವೋಲ್ಟ್ ವಿದ್ಯುತ್ ಹೋಗುವುದು ಇದೇ ಕೇಬಲ್ಲಿನಲ್ಲಿ. ಆದ್ದರಿಂದ ಅದನ್ನು ಬೇರೆ ಯಾವ ಉಪಕರಣಕ್ಕೂ ಜೋಡಿಸಿ ನೋಡಬೇಡಿ.

ಈ ಎರಡು ದಾರಿಗಳು ಬೇರೆ ಬೇರೆ ಎಂಬುದು ತಿಳಿದಿದ್ದರೆ ಅರ್ಧ ರಿಪೇರಿ ಮುಗಿದಂತೆಯೇ. ಜೋರು ಮಳೆಗೆ ಚಾನೆಲ್ ಹೋಗಿ ಆ್ಯಪ್ ಓಡುತ್ತಿದ್ದರೆ ಡಿಶ್ ಕಡೆಯ ಸಮಸ್ಯೆ, ಮಳೆ ನಿಂತರೆ ತಾನೇ ಸರಿಹೋಗುತ್ತದೆ. ಚಾನೆಲ್ ಬರುತ್ತಿದ್ದು ಆ್ಯಪ್ ಮಾತ್ರ ಒದ್ದಾಡುತ್ತಿದ್ದರೆ ಇಂಟರ್ನೆಟ್ ಕಡೆಯದು. ಬ್ರಾಡ್‌ಬ್ಯಾಂಡ್ ಕಂಪನಿಯೇ ಫೈಬರ್ ಜೊತೆಗೆ ಕೊಟ್ಟ ಬಾಕ್ಸಿಗೆ ಡಿಶ್ ಇರುವುದಿಲ್ಲ. ಅದರಲ್ಲಿ ನೆಟ್ ಹೋದರೆ ಎಲ್ಲವೂ ಹೋಯಿತು.

ಟಿ.ವಿ.ಯೂ ಸ್ಮಾರ್ಟ್, ಬಾಕ್ಸೂ ಸ್ಮಾರ್ಟ್ ಆದರೆ ಎರಡಕ್ಕೂ ನೆಟ್ ಕೊಡಬೇಕೇ? ಬೇಡ. ಯಾವುದು ಚುರುಕಾಗಿದೆಯೋ, ಯಾವುದರ ರಿಮೋಟ್ ಮನೆಯವರ ಕೈಗೆ ಒಗ್ಗಿದೆಯೋ ಅದಕ್ಕೊಂದಕ್ಕೆ ಕೊಟ್ಟರೆ ಸಾಕು. ಅನೇಕ ಸ್ಮಾರ್ಟ್ ಟಿ.ವಿ.ಗಳು ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ತಯಾರಕರಿಗೆ ವರದಿ ಕಳಿಸುತ್ತವೆ, ಎಚ್‌ಡಿಎಂಐ ಮೂಲಕ ಬಂದ ಚಿತ್ರವನ್ನೂ ಬಿಡದೆ. ನೆಟ್ ಕೊಟ್ಟೇ ಕೊಡುವುದಾದರೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ ಆ ಅನುಮತಿಯನ್ನು ಆಫ್ ಮಾಡಿ.

ತಂತಿಯೇ ಮೇಲು

ಮೊಬೈಲ್ ಮನೆಯೆಲ್ಲ ಸುತ್ತುತ್ತದೆ, ಅದಕ್ಕೆ ವೈಫೈ ಬೇಕು. ಟಿ.ವಿ.ಯನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದೇವೆ. ನಿಂತಲ್ಲೇ ನಿಲ್ಲುವ ವಸ್ತುವಿಗೆ ಗಾಳಿಯಲ್ಲಿ ಡೇಟಾ ಕಳಿಸುವ ಅಗತ್ಯವೇನು?

ಅಂಗಡಿಯಲ್ಲಿ ಲ್ಯಾನ್ ಕಿಂಡಿಗೆ ಹಾಕುವ ಕ್ಯಾಟ್ 6 ಕೇಬಲ್ ಕೇಳಿ. ಪೂರ್ತಿ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಸಿಸಿಎ ಎಂಬ ಹೆಸರಿನಲ್ಲಿ ಧಾರಾಳವಾಗಿ ಸಿಗುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ. 100 ಮೀಟರ್ ತನಕ ವೇಗ ಕುಂದುವುದಿಲ್ಲವಾದ್ದರಿಂದ ಮನೆಯೊಳಗೆ ದೂರದ ಚಿಂತೆಯಿಲ್ಲ. ಗೋಡೆಯಂಚಿನಲ್ಲಿ ಕ್ಲಿಪ್ ಹೊಡೆದು ಒಯ್ಯುವುದಾದರೆ ಎರಡೂ ತುದಿಗೆ ಜ್ಯಾಕ್ ಇರುವ ಸಿದ್ಧ ಕೇಬಲ್ ತನ್ನಿ. ಗೋಡೆಯೊಳಗಿನ ಪೈಪಿನಲ್ಲಿ ಹಾಯಿಸುವುದಾದರೆ ಜ್ಯಾಕ್ ನಡುವೆ ಸಿಕ್ಕಿಕೊಳ್ಳುತ್ತದೆ. ಬರಿಯ ಕೇಬಲ್ ಎಳೆದು ಆಮೇಲೆ ಜ್ಯಾಕ್ ಕ್ರಿಂಪ್ ಮಾಡಿಸಿ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಲು ಹೇಳಿ.

ಪೈಪ್ ಎಲ್ಲಿದೆ ಎಂದು ಹುಡುಕುವುದು ಈ ಕೆಲಸದ ಸ್ವಾರಸ್ಯದ ಭಾಗ. ಸ್ವಲ್ಪ ಹಳೆಯ ಆರ್‌ಸಿಸಿ ಮನೆಗಳಲ್ಲಿ ಲ್ಯಾಂಡ್‌ಲೈನ್ ಫೋನಿಗೆಂದು ಹಾಲ್‌ನಿಂದ ಕೋಣೆಗೆ ಹಾಕಿದ ಪೈಪ್ ಖಾಲಿ ಬಿದ್ದಿರುತ್ತದೆ. ಫೋನಿನ ಹಳೆಯ ತಂತಿ ಇನ್ನೂ ಒಳಗಿದ್ದರೆ ಅದೃಷ್ಟ: ಅದರ ತುದಿಗೆ ಹೊಸ ಕೇಬಲ್ ಕಟ್ಟಿ ಆಚೆಯಿಂದ ಎಳೆದುಕೊಳ್ಳಬಹುದು. ಕರೆಂಟಿನ ತಂತಿಯಿರುವ ಪೈಪಿನಲ್ಲಿ ಮಾತ್ರ ಲ್ಯಾನ್ ಕೇಬಲ್ ತೂರಿಸಬೇಡಿ. ಜಾಗ ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ. ಅಪಾಯವೂ ಹೌದು, ಸಿಗ್ನಲ್ಲಿಗೆ ಕಿರುಕುಳವೂ ಹೌದು.

ಕ್ರಿಂಪ್ ಮಾಡುವಾಗ ಎರಡೂ ತುದಿಯಲ್ಲಿ ಎಳೆಗಳ ಬಣ್ಣದ ಕ್ರಮ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಲಸ ಮುಗಿಸಿದವರು ಟೆಸ್ಟರ್ ಹಾಕಿ ಎಂಟೂ ದೀಪ ಹತ್ತಿದ್ದನ್ನು ತೋರಿಸಲಿ, ಆಮೇಲೆ ದುಡ್ಡು ಕೊಡಿ. ಒಂದು ತುದಿ ರೂಟರಿನ ಲ್ಯಾನ್ ಕಿಂಡಿಗೆ, ಇನ್ನೊಂದು ಟಿ.ವಿ. ಅಥವಾ ಬಾಕ್ಸಿಗೆ. ಹೆಚ್ಚಿನವು ತಂತಿಯನ್ನು ತಾವೇ ಗುರುತಿಸುತ್ತವೆ. ಇಲ್ಲವಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ವೈರ್ಡ್ ಎಂದು ಆರಿಸಿ. ಪಾಸ್‌ವರ್ಡ್ ಬೇಕಿಲ್ಲ, ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವ ಶಿಕ್ಷೆಯೂ ಇಲ್ಲ.

ತಂತಿ ಹಾಕಿದ ಮೇಲೆ ಸ್ಪೀಡ್ ಟೆಸ್ಟ್ ಮಾಡಿ 94 ಎಂಬಿಪಿಎಸ್ ಕಂಡರೆ ಮೋಸ ಹೋದೆವೆಂದುಕೊಳ್ಳಬೇಡಿ. ದುಬಾರಿ ಟಿ.ವಿ.ಗಳಲ್ಲೂ ಸಾಮಾನ್ಯವಾಗಿ ಕೂರಿಸಿರುವುದು 100 ಎಂಬಿಪಿಎಸ್ ಮಿತಿಯ ಲ್ಯಾನ್ ಕಿಂಡಿ. ಲೆಕ್ಕ ಹಾಕಿದರೆ ಆರು 4ಕೆ ಚಿತ್ರಗಳಿಗೆ ಸಾಕಾಗುವಷ್ಟು. ಟಿ.ವಿ. ಪಕ್ಕದಲ್ಲಿ ಗೇಮ್ ಪೆಟ್ಟಿಗೆಯೂ ಇದ್ದರೆ ಐದು ಕಿಂಡಿಯ ಗಿಗಾಬಿಟ್ ಸ್ವಿಚ್ ಒಂದನ್ನು ಹಿಂದೆ ಇಟ್ಟು, ಬಂದ ಒಂದೇ ಕೇಬಲನ್ನು ಹಂಚಿ.

ತಂತಿ ಎಳೆಯಲಾಗದ ಬಾಡಿಗೆ ಮನೆಗೆ

ವೈಫೈಯೇ ಗತಿಯಾದರೆ ಮೊದಲು ರೂಟರಿನ ಜಾಗ ನೋಡಿ. ಕೇಬಲ್ ಎಳೆದವರು ಬಾಗಿಲ ಮೇಲಿನ ಮೂಲೆಯಲ್ಲಿ ತೂತು ಕೊರೆದು ಅಲ್ಲಿಯೇ ನೇತುಹಾಕಿ ಹೋಗಿರುತ್ತಾರೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಟಿ.ವಿ.ಯ ಬೆನ್ನು ಇವೆಲ್ಲ ಸಿಗ್ನಲ್ಲಿಗೆ ಅಡ್ಡ. ಒಂದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ. ನಡುವೆ ಎರಡು ಗೋಡೆ ಇದ್ದರೆ ನಿಧಾನವಾದರೂ 2.4 ಗಿಗಾಹರ್ಟ್ಸ್ ಹೆಚ್ಚು ನಂಬಿಕೆಯದು. ಹಳೆಯ ಟಿ.ವಿ.ಗೆ ಮನೆಯ ವೈಫೈ ಕಾಣಿಸುವುದೇ ಇಲ್ಲವೆಂದರೆ ಅದಕ್ಕೆ 5 ಗಿಗಾಹರ್ಟ್ಸ್ ಗೊತ್ತಿಲ್ಲದಿರಬಹುದು. ಹೆಸರು ಕಂಡೂ ಸರಿಯಾದ ಪಾಸ್‌ವರ್ಡ್ ಒಪ್ಪದಿದ್ದರೆ ರೂಟರಿನ ವೈಫೈ ಭದ್ರತೆ ಹೊಸ ಬಗೆಯಾದ ಡಬ್ಲ್ಯುಪಿಎ3ಗೆ ಮಾತ್ರ ಸೀಮಿತವಾಗಿದೆಯೇ ನೋಡಿ, ಡಬ್ಲ್ಯುಪಿಎ2 ಕೂಡ ಸೇರಿಸಿ.

ಟಿ.ವಿ. ಹಿಂದೆ ಚುಚ್ಚುವ ಸ್ಟಿಕ್ ಬಳಸುವವರು ಅದರ ಪೊಟ್ಟಣದಲ್ಲಿ ಗಿಡ್ಡ ಎಚ್‌ಡಿಎಂಐ ತುಂಡು ಕೇಬಲ್ ಇದ್ದರೆ ಬಿಸಾಡಬಾರದು. ಸ್ಟಿಕ್ಕನ್ನು ಟಿ.ವಿ.ಯ ಬೆನ್ನಿನಿಂದ ನಾಲ್ಕು ಬೆರಳು ಹೊರಗೆ ತಂದರೂ ಸಿಗ್ನಲ್ ಸುಧಾರಿಸುತ್ತದೆ. ವಿದ್ಯುತ್ತನ್ನು ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದಲ್ಲ, ಜೊತೆಗೆ ಬಂದ ಅಡಾಪ್ಟರಿನಿಂದ ಕೊಡಿ.

ಮೆಶ್ ಅಥವಾ ಎಕ್ಸ್‌ಟೆಂಡರ್ (ವೈಫೈಯನ್ನು ದೂರಕ್ಕೆ ಮುಟ್ಟಿಸುವ ಪೆಟ್ಟಿಗೆ) ಕೊಂಡವರಲ್ಲಿ ಹೆಚ್ಚಿನವರು ಅದನ್ನು ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಇಡುತ್ತಾರೆ. ಅದು ನೀರೇ ಬಾರದ ನಲ್ಲಿಯ ಕೆಳಗೆ ಇನ್ನೊಂದು ಬಿಂದಿಗೆ ಇಟ್ಟಂತೆ. ರೂಟರಿಗೂ ಟಿ.ವಿ.ಗೂ ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಇಡಿ. ಮನೆಯ ಕರೆಂಟಿನ ತಂತಿಯಲ್ಲೇ ಡೇಟಾ ಹಾಯಿಸುವ ಪವರ್‌ಲೈನ್ ಅಡಾಪ್ಟರುಗಳೂ ಇವೆ. ಹಳೆಯ ವೈರಿಂಗಿನಲ್ಲಿ ಅವುಗಳ ನಡತೆ ನೆಚ್ಚುವಂತಿಲ್ಲ; ಕೊಂಡರೂ ಸ್ಪೈಕ್ ಬಸ್ಟರಿಗೆ ಹಾಕದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ.

ಮೊಬೈಲಿಗೆ ಟಿ.ವಿ. ಕಾಣದಿದ್ದರೆ

ಮೊಬೈಲಿನ ವಿಡಿಯೊವನ್ನು ಟಿ.ವಿ.ಗೆ ಕಳಿಸಲು ಎರಡೂ ಒಂದೇ ನೆಟ್‌ವರ್ಕಿನಲ್ಲಿರಬೇಕು. ಟಿ.ವಿ. ತಂತಿಯಲ್ಲಿ, ಮೊಬೈಲ್ ಅದೇ ರೂಟರಿನ ವೈಫೈನಲ್ಲಿ ಇದ್ದರೆ ತೊಂದರೆಯಿಲ್ಲ. ಒಂದು ಗೆಸ್ಟ್ ವೈಫೈನಲ್ಲಿದ್ದರೆ ಕಾಣುವುದಿಲ್ಲ, ಅತಿಥಿಗಳನ್ನು ಬೇರೆ ಇಡುವುದಕ್ಕೇ ಅದು ಇರುವುದು.

ಕಂಪನಿ ಕೊಟ್ಟ ಪೆಟ್ಟಿಗೆಯ ಮುಂದೆ ನೀವೇ ಕೊಂಡ ಎರಡನೆಯ ರೂಟರ್ ಇರುವ ಮನೆಗಳಲ್ಲಿ ಗೊಂದಲ ಹೆಚ್ಚು. ಕೇಬಲನ್ನು ಅದರ ವ್ಯಾನ್ ಕಿಂಡಿಗೆ (ಹೊರಗಿನ ಇಂಟರ್ನೆಟ್ ಪಡೆಯುವ ಕಿಂಡಿ) ಹಾಕಿ ಹಾಗೇ ಬಿಟ್ಟರೆ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಹುಟ್ಟುತ್ತವೆ, ಟಿ.ವಿ. ಒಂದರಲ್ಲಿ, ಮೊಬೈಲ್ ಇನ್ನೊಂದರಲ್ಲಿ. ಎರಡನೆಯದರ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿದರೆ ಅದು ವೈಫೈ ಹರಡುವ ಕೆಲಸವನ್ನಷ್ಟೇ ಮಾಡುತ್ತದೆ, ಎರಡೂ ನೆಟ್‌ವರ್ಕ್ ಒಂದಾಗುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಆ್ಯಪ್ ತೆರೆಯದಿದ್ದರೆ ಟಿ.ವಿ.ಯ ದಿನಾಂಕ ನೋಡಿ. ಗಡಿಯಾರ ತಪ್ಪಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರವನ್ನು ಟಿ.ವಿ. ನಂಬುವುದಿಲ್ಲ, ನೆಟ್ ಇಲ್ಲವೆಂದೇ ಹೇಳುತ್ತದೆ. ಇನ್ನು ಕರೆಂಟ್ ಹೋದಾಗ ಟಿ.ವಿ. ಇನ್ವರ್ಟರಿನಲ್ಲಿ ಓಡುತ್ತಿದ್ದು ರೂಟರ್ ಆರಿದ್ದರೆ ಪ್ರಯೋಜನವಿಲ್ಲ. ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ತನ್ನಿ. ಫೈಬರ್ ಬಂದು ಸೇರುವ ಪೆಟ್ಟಿಗೆ ಬೇರೆಯೇ ಇದ್ದರೆ ಅದಕ್ಕೂ ಒಂದು ಬೇಕು.