ಕ್ಲಚ್, ಫ್ಲೈವೀಲ್ ಬದಲಿಸಿದರೆ ಗಾಡಿ ಓಡಿಸುವುದು ಹೇಗೆ ಬದಲಾಗುತ್ತದೆ: ಬಳ್ಳಾರಿ ಕಡೆಯವರಿಗೆ

ಡೀಸೆಲ್ ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಬಲ ಏರಿಸುವುದು) ಮಾಡಿಸಿದವರು ಮುಂದೆ ಕೇಳುವುದು ಇದನ್ನೇ: ಗಟ್ಟಿ ಕ್ಲಚ್ ಹಾಕಿಸಲಾ, ಜೊತೆಗೆ ಹಗುರ ಫ್ಲೈವೀಲೂ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಹಾಕಿಸಿಬಿಡಲಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ಲಚ್ ಜಾರುತ್ತಿದ್ದರೆ ಕ್ಲಚ್ ಬದಲಿಸಿ. ಫ್ಲೈವೀಲ್ ತಂಟೆಗೆ ಹೋಗಬೇಡಿ. ಸಂಡೂರು ಕಡೆ ಏರಿನಲ್ಲಿ ಅದಿರು ಲಾರಿ ಹಿಂದೆ ತೆವಳುವ ನಮ್ಮ ಓಡಾಟಕ್ಕೆ ಅದು ಹೊಂದುವುದಿಲ್ಲ.

ಮೊದಲು ಕ್ಲಚ್ ನಿಜವಾಗಿಯೂ ಜಾರುತ್ತಿದೆಯಾ ನೋಡಿ. ಹೆದ್ದಾರಿ ಖಾಲಿ ಇರುವ ಹೊತ್ತಿನಲ್ಲಿ, ನಾಲ್ಕನೇ ಗೇರ್‌ನಲ್ಲಿ 2,000 ಆರ್‌ಪಿಎಂ ಹತ್ತಿರ ಇದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಸ್ಪೀಡ್ ಅಲ್ಲೇ ಇದ್ದು ಆರ್‌ಪಿಎಂ ಮುಳ್ಳು ಮಾತ್ರ ಸರ್ರನೆ ಏರಿದರೆ ಜಾರುತ್ತಿದೆ ಎಂದೇ ಅರ್ಥ. ಟರ್ಬೊ ಡೀಸೆಲ್‌ನಲ್ಲಿ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಸಿಗುವುದೇ ಆ ಆರ್‌ಪಿಎಂನಲ್ಲಿ, ಹಾಗಾಗಿ ಅಲ್ಲೇ ಬಣ್ಣ ಬಯಲಾಗುತ್ತದೆ. ಹಳೆಯ ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ ಕಂಪನಿಯಿಂದ ಬರುವಾಗ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದರ ಮೇಲೆ ಇನ್ನು 20-25 ಶೇಕಡಾ ಏರಿಸಿದರೆ ಅರ್ಧ ಸವೆದ ಕ್ಲಚ್ ತಡೆಯುತ್ತದಾ ಹೇಳಿ.

ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಎನ್ನುವುದು ಮೂರು ವಿಷಯದ ಮೇಲೆ ನಿಂತಿದೆ: ಪ್ಲೇಟಿನ ಅಳತೆ, ಅದರ ಲೈನಿಂಗ್‌ನ (ಪ್ಲೇಟಿನ ಮೇಲಿನ ಉಜ್ಜುವ ಪದರ) ಹಿಡಿತ, ಅದನ್ನು ಫ್ಲೈವೀಲಿಗೆ ಅದುಮುವ ಪ್ರೆಷರ್ ಪ್ಲೇಟ್ ಒತ್ತುವ ಬಲ. ಅಳತೆ ಬದಲಿಸಲು ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಉಳಿದದ್ದು ಎರಡು, ಎರಡಕ್ಕೂ ನೀವು ಬೆಲೆ ತೆರಬೇಕು. ಒತ್ತುವ ಬಲ ಜಾಸ್ತಿ ಮಾಡಿದರೆ ಪೆಡಲ್ ಗಟ್ಟಿಯಾಗುತ್ತದೆ, ರಾಯಲ್ ಸರ್ಕಲ್ ಸುತ್ತ ಸಂಜೆ ಹೊತ್ತಿನಲ್ಲಿ ಹತ್ತು ಅಡಿ ಹೋಗಿ ನಿಂತು ಮತ್ತೆ ಹತ್ತು ಅಡಿ ಹೋಗುವಾಗ ಎಡಗಾಲು ಅದನ್ನು ಚೆನ್ನಾಗಿಯೇ ನೆನಪಿಸುತ್ತದೆ. ಹಿಡಿತ ಜಾಸ್ತಿ ಇರುವ ಸೆರಾಮಿಕ್ ಲೈನಿಂಗ್ ಹಾಕಿದರೆ ಹಾಫ್ ಕ್ಲಚ್ ಅನ್ನೋದೇ ಮರೆತುಬಿಡಿ. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಕೌಲ್ ಬಜಾರಿನ ಗಲ್ಲಿಯಲ್ಲಿ ರಿವರ್ಸ್ ತೆಗೆಯುವಾಗ ಗಾಡಿ ಗಡಗಡ ನಡುಗುತ್ತದೆ, ಫ್ಲೈವೀಲಿನ ಮುಖವೂ ಬೇಗ ಸವೆಯುತ್ತದೆ. ಮನೆಯವರೂ ಓಡಿಸುವ ಕಾರಾದರೆ ಆರ್ಗ್ಯಾನಿಕ್ ಲೈನಿಂಗ್ (ಸಾಮಾನ್ಯ ಕಾರುಗಳಲ್ಲಿ ಬರುವ ಮೆದು ಬಗೆ), ನಡುವೆ ಸ್ಪ್ರಿಂಗ್ ಇರುವ ಪ್ಲೇಟ್, ಕಂಪನಿಯದಕ್ಕಿಂತ ಸ್ವಲ್ಪವೇ ಬಿಗಿಯಾದ ಪ್ರೆಷರ್ ಪ್ಲೇಟ್, ಇಷ್ಟು ಸಾಕು.

ಈಗ ಫ್ಲೈವೀಲ್. ಬೀಸುವ ಕಲ್ಲು ಒಮ್ಮೆ ತಿರುಗಿದರೆ ಕೈ ಬಿಟ್ಟರೂ ಒಂದಿಷ್ಟು ಸುತ್ತುತ್ತದಲ್ಲ, ಅದೇ ಕೆಲಸ ಇದರದ್ದು. ತೂಕ ಇದ್ದರೆ ಎಂಜಿನ್ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಹಗುರ ಮಾಡಿದರೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಎಂಜಿನ್ ಕೂಗುತ್ತದೆ, ಕಾಲು ತೆಗೆದ ಕೂಡಲೇ ಬಿದ್ದುಹೋಗುತ್ತದೆ. ಎಂಜಿನ್ನಿನ ಬಲ ಮಾತ್ರ ಒಂದು ಕೂದಲಷ್ಟೂ ಏರುವುದಿಲ್ಲ. ಪಿಕಪ್ ಬಂತು ಅಂತ ಅನ್ನಿಸುವುದು ಮೊದಲ, ಎರಡನೇ ಗೇರ್‌ನಲ್ಲಿ. ಯಾಕೆಂದರೆ ಫ್ಲೈವೀಲಿನ ಭಾರ ಗಾಡಿಗೆ ತಟ್ಟುವುದು ಗೇರ್ ಅನುಪಾತದ ವರ್ಗದ ಲೆಕ್ಕದಲ್ಲಿ. ಮೊದಲ ಗೇರ್ 3.5, ಐದನೆಯದು 0.8 ಅಂತಿಟ್ಟುಕೊಂಡರೆ ಮೊದಲನೆಯದರಲ್ಲಿ ಪರಿಣಾಮ ಐದನೆಯದರ ಸುಮಾರು 19 ಪಟ್ಟು. ಅಂದರೆ ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಹಗುರ ಫ್ಲೈವೀಲ್ ಸಿಕ್ಕಿದ್ದು ಗೊತ್ತೇ ಆಗುವುದಿಲ್ಲ, ಏರಿನಲ್ಲಿ ನಿಂತು ಹೊರಡುವಾಗ ಮಾತ್ರ ಕೈಕೊಡುತ್ತದೆ. ಆರ್‌ಪಿಎಂ ಸ್ವಲ್ಪ ಕಡಿಮೆ ಕೊಟ್ಟರೂ ಗಾಡಿ ಬಂದ್. ಹಿಂದೆ ಲಾರಿಯವನು ಹಾರ್ನ್.

ಇನ್ನೊಂದು ಮುಖ್ಯ ವಿಷಯ. ಈಗಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಎರಡು ತುಂಡು, ನಡುವೆ ಸ್ಪ್ರಿಂಗ್. ಡೀಸೆಲ್ ಎಂಜಿನ್ನಿನ ಹೊಡೆತ ಗೇರ್ ಬಾಕ್ಸಿಗೆ ತಾಗದಂತೆ ನುಂಗುವುದು ಅದೇ. ಬೆಲೆ ಜಾಸ್ತಿ ಅಂತ ಅದನ್ನು ತೆಗೆದು ಒಂದೇ ತುಂಡಿನದು ಹಾಕಿಸಿದರೆ ನ್ಯೂಟ್ರಲ್‌ನಲ್ಲಿ ಗೇರ್ ಬಾಕ್ಸ್ ಕಟಕಟ ಅನ್ನುತ್ತದೆ, 1,500 ಆರ್‌ಪಿಎಂ ಕೆಳಗೆ ಎಳೆಸಿದರೆ ಇಡೀ ಗಾಡಿ ಅದುರುತ್ತದೆ. ಹಾಗೆ ಹಾಕಿಸಿದ್ದರೆ ಒಂದು ಗೇರ್ ಕೆಳಗೇ ಇಟ್ಟು ಓಡಿಸಿ.

ಕೆಲಸಕ್ಕೆ ಬಿಟ್ಟರೆ ಗೇರ್ ಬಾಕ್ಸ್ ಹೇಗೂ ಇಳಿಯುತ್ತದೆ. ಮಜೂರಿ ಎರಡು ಸಲ ಕೊಡಬೇಡಿ, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವುದು) ಅದೇ ಹೊತ್ತಿಗೆ ಬದಲಿಸಿ, ಕ್ರ್ಯಾಂಕ್‌ನ (ಎಂಜಿನ್ನಿನ ತಿರುಗುವ ದಂಡ) ಹಿಂದಿನ ಆಯಿಲ್ ಸೀಲ್ ಒಸರುತ್ತಿದೆಯಾ ನೋಡಿಸಿ. ಒಂದು ಹನಿ ಆಯಿಲ್ ಬಿದ್ದರೂ ಹೊಸ ಪ್ಲೇಟ್ ಹಾಳು. ಒಂದೇ ತುಂಡಿನ ಫ್ಲೈವೀಲಿಗೆ ಲೇತ್‌ನಲ್ಲಿ ಮುಖ ಸರಿಮಾಡಿಸಬಹುದು, ಆದರೆ ತೂಕ ಇಳಿಸಲು ಅಲ್ಲೇ ಕೊರೆಸುವುದು ಬೇಡವೇ ಬೇಡ. ಬ್ಯಾಲೆನ್ಸ್ ತಪ್ಪಿದ ಫ್ಲೈವೀಲ್ ಹೈ ಆರ್‌ಪಿಎಂನಲ್ಲಿ ಒಡೆದರೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಲೋಹದ ಕವಚ) ಸೀಳಿಕೊಂಡು ಬರುತ್ತದೆ. ಬೋಲ್ಟ್ ಹೊಸದೇ ಹಾಕಿಸಿ, ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ವಾರಂಟಿ ಇರುವ ಗಾಡಿಯಾದರೆ ಅದು ಮುಗಿಯುವವರೆಗೆ ಕಾಯುವುದೇ ಲೇಸು.

ಹೊಸ ಆರ್ಗ್ಯಾನಿಕ್ ಕ್ಲಚ್‌ಗೆ ಮೊದಲ 500-800 ಕಿಲೋಮೀಟರ್ ಊರೊಳಗಿನ ಓಡಾಟ ಒಳ್ಳೆಯದು. ಗೇರ್ ಬದಲಿಸಿದಷ್ಟೂ ಪ್ಲೇಟ್ ಚೆನ್ನಾಗಿ ಕೂರುತ್ತದೆ. ಸುಮ್ನೆ ಹೈವೇಯಲ್ಲಿ ಒಂದೇ ಗೇರ್‌ನಲ್ಲಿ ರಾಯಚೂರಿಗೆ ಹೋಗಿ ಬಂದರೆ ಅದು ಲೆಕ್ಕಕ್ಕಿಲ್ಲ. ಪೂರ್ತಿ ಆಕ್ಸಿಲರೇಟರ್ ಬೇಡ, ಭಾರ ಎಳೆಯುವುದೂ ಬೇಡ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿ, ಹಾಫ್ ಕ್ಲಚ್‌ನಲ್ಲಿ ತೂಗಾಡಬೇಡಿ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇನಲ್ಲಿ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ.

ಇಷ್ಟೆಲ್ಲ ಕೇಳಿಯೂ ಹಗುರ ಫ್ಲೈವೀಲೇ ಬೇಕು ಅನ್ನುವವರು ಗೇರ್ ಬೇಗ ಬದಲಿಸಲು ಕಲಿಯಿರಿ. ಆರ್‌ಪಿಎಂ ಥಟ್ಟನೆ ಬೀಳುವುದರಿಂದ ತಡ ಮಾಡಿದರೆ ಪ್ರತಿ ಗೇರಿಗೂ ಜರ್ಕ್. ಡೌನ್‌ಶಿಫ್ಟ್ ಮಾಡುವಾಗ ಆಕ್ಸಿಲರೇಟರ್ ಒಂದಿಷ್ಟು ತಟ್ಟಿದರೆ ಸಾಕು, ಇಲ್ಲಿ ಮಾತ್ರ ನಿಜವಾದ ಮಜಾ ಇದೆ. ಹಳೆಯ ಫ್ಲೈವೀಲನ್ನು ಗುಜರಿಗೆ ಹಾಕಬೇಡಿ, ಆಯಿಲ್ ಬಟ್ಟೆಯಲ್ಲಿ ಸುತ್ತಿಡಿ. ಗಾಡಿ ಮಾರುವಾಗ ಕೊಳ್ಳುವವರು ಅದನ್ನೇ ಕೇಳುತ್ತಾರೆ.