ಕಾಫಿ ಗಿಡದ ಒಂದು ಜೀನಿನ ಕೆಲಸ ಪತ್ತೆ ಮಾಡುವುದು ಹೇಗೆ?

ಕಾಫಿ ಕುಯ್ಲಿನ ಹೊತ್ತಿಗೆ ತೋಟದ ರೈಟರು ಒಂದು ವಾರ ರಜೆ ಹಾಕಿದರೆ ಅವರ ಕೆಲಸ ಏನೇನೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಹಾಜರಿ ಹಾಕುವವರಿಲ್ಲ, ಹಣ್ಣಿನ ತೂಕ ಬರೆಯುವವರಿಲ್ಲ. ಗಿಡದೊಳಗಿನ ಒಂದು ಜೀನ್ ಏನು ಮಾಡುತ್ತದೆಂದು ತಿಳಿಯಲು ವಿಜ್ಞಾನಿಗಳು ಹಿಡಿಯುವುದೂ ಇದೇ ದಾರಿ. ಕೊಡಗಿನ ತೋಟಗಳಲ್ಲಿ ತುಂಬಿರುವ ರೊಬಸ್ಟಾವನ್ನೇ ತೆಗೆದುಕೊಳ್ಳೋಣ. ಅದರ ಕೆಫೀನ್ ಬಗ್ಗೆ ಜಪಾನಿನಲ್ಲಿ ನಡೆದ ಕೆಲಸ 2003ರಲ್ಲಿ ಪ್ರಕಟವಾಯಿತು.

ಮೊದಲು ಯಾವ ಜೀನಿನ ಮೇಲೆ ಅನುಮಾನ ಎಂಬುದು ಗಟ್ಟಿಯಾಗಬೇಕು. ಕಾಫಿ ಗಿಡ ಕ್ಸಾಂಥೊಸಿನ್ ಎಂಬ ವಸ್ತುವಿನಿಂದ ಶುರುಮಾಡಿ ಒಂದಾದ ಮೇಲೊಂದು ಮೂರು ಮೀಥೈಲ್ ಗುಂಪು (ಇಂಗಾಲ, ಜಲಜನಕಗಳ ಪುಟ್ಟ ತುಣುಕು) ಸೇರಿಸುತ್ತದೆ. ಎರಡು ಸೇರಿದಾಗ ಥಿಯೋಬ್ರೋಮಿನ್, ಮೂರನೆಯದೂ ಸೇರಿದರೆ ಕೆಫೀನ್. ಸೇರಿಸುವ ಕೆಲಸ ಕಿಣ್ವಗಳದ್ದು. ಕಿಣ್ವವೆಂದರೆ ಪ್ರೋಟೀನ್, ಅದನ್ನು ಕಟ್ಟುವ ಸೂಚನೆ ಜೀನಿನಲ್ಲಿದೆ.

ಎರಡನೆಯದಾಗಿ ಆ ಜೀನನ್ನು ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಕೊಟ್ಟು ಪ್ರೋಟೀನ್ ಮಾಡಿಸಿ, ಕಿಣ್ವಕ್ಕೆ ಬೇಕಾದ ಕಚ್ಚಾವಸ್ತು ಹಾಕಿ ಪರೀಕ್ಷಾನಳಿಕೆಯಲ್ಲಿ ನೋಡುತ್ತಾರೆ. ಆದರೆ ನಳಿಕೆಯಲ್ಲಿ ಆಗಿದ್ದು ಎಲೆಯಲ್ಲೂ ಆಗುತ್ತದೆಂದು ಹೇಳಲಾಗದು.

ಆದ್ದರಿಂದ ಮೂರನೆಯ ಹೆಜ್ಜೆಯೇ ಮುಖ್ಯ: ಗಿಡದೊಳಗೇ ಜೀನಿನ ಬಾಯಿ ಮುಚ್ಚಿಸುವುದು. ಜೀನಿನಿಂದ ಹೊರಡುವ ಸಂದೇಶ ಆರ್‌ಎನ್‌ಎ. ಅದಕ್ಕೆ ಹೊಂದುವ ಎರಡೆಳೆಯ ಆರ್‌ಎನ್‌ಎ ಜೀವಕೋಶದಲ್ಲಿ ತಯಾರಾಗುವಂತೆ ಮಾಡಿದರೆ, ಗಿಡವೇ ಆ ಸಂದೇಶವನ್ನು ತುಂಡರಿಸುತ್ತದೆ. ಇಂಥ ಆರ್‌ಎನ್‌ಎ ಮಾಡಿಸುವ ಡಿಎನ್‌ಎ ಸೂಚನೆಯನ್ನು ಒಳಗೆ ಸಾಗಿಸಲು ಆಗ್ರೋಬ್ಯಾಕ್ಟೀರಿಯಂ ಬಳಸುತ್ತಾರೆ. ಗಿಡಗಳಲ್ಲಿ ಗಂಟುರೋಗ ತರುವ ಈ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ತನ್ನ ಡಿಎನ್‌ಎಯ ಒಂದು ಭಾಗವನ್ನು ಗಿಡಕ್ಕೆ ದಾಟಿಸುವುದು ಹುಟ್ಟುಗುಣ. ಆಮೇಲೆ ಟಿಶ್ಯೂ ಕಲ್ಚರ್‌ನಲ್ಲಿ, ಅಂದರೆ ಗಿಡದ ಸಣ್ಣ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಸಸಿ ಎಬ್ಬಿಸಬೇಕು. ಕಾಫಿಯಲ್ಲಿ ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಳ್ಳೆಯ ಸಂಗತಿಯೆಂದರೆ ಎಳೆ ಎಲೆಯಲ್ಲೂ ಕೆಫೀನ್ ಇರುವುದರಿಂದ ಮೂರು ನಾಲ್ಕು ವರ್ಷ ಫಸಲಿಗೆ ಕಾಯಬೇಕಿಲ್ಲ.

ಜಪಾನಿನವರು ಥಿಯೋಬ್ರೋಮಿನ್ ಮಾಡುವ ಜೀನನ್ನು ಹೀಗೆ ಸುಮ್ಮನಾಗಿಸಿದಾಗ ಸಸಿಗಳಲ್ಲಿ ಕೆಫೀನ್ ಶೇ. 70ರಷ್ಟರವರೆಗೂ ಕಡಿಮೆಯಾಯಿತು. ಇಲ್ಲಿ ಅವಸರ ಬೇಡ. ಸಂದೇಶ ನಿಜವಾಗಿ ಕಡಿಮೆಯಾಗಿದೆಯೇ ಎಂದು ಅಳೆಯಬೇಕು. ಇದೇ ಟಿಶ್ಯೂ ಕಲ್ಚರ್‌ನಿಂದ ಬಂದ, ಆದರೆ ಜೀನ್ ಮುಟ್ಟದ ಸಸಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಹೊಸ ಡಿಎನ್‌ಎ ಎಲ್ಲಿ ಹೋಗಿ ಕೂರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಒಂದೇ ಸಸಿಯನ್ನು ನಂಬಿದರೆ ಮೋಸ ಹೋಗುತ್ತೇವೆ. ಬೇರೆಬೇರೆಯಾಗಿ ಎದ್ದ ಹಲವು ಸಸಿಗಳು ಒಂದೇ ಮಾತು ಹೇಳಬೇಕು.

ತೆಗೆದು ನೋಡಿದ್ದಾಯಿತು, ಇನ್ನು ಕೊಟ್ಟು ನೋಡಬೇಕು. ಕೆಫೀನ್ ಮಾಡದ ತಂಬಾಕಿಗೆ ಕಾಫಿಯ ಮೂರು ಜೀನ್‌ಗಳನ್ನು ಕೊಟ್ಟಾಗ ಅದರ ಎಲೆಯಲ್ಲಿ ಕೆಫೀನ್ ಹುಟ್ಟಿತು, ಎಲೆ ತಿನ್ನುವ ಹುಳುಗಳು ದೂರ ಸರಿದವು. ಗಿಡಕ್ಕೆ ಕೆಫೀನ್ ಯಾಕೆ ಬೇಕೆಂಬುದಕ್ಕೂ ಇಲ್ಲೊಂದು ಸುಳಿವು ಸಿಕ್ಕಿತು. ನನಗೆ ಈ ಪ್ರಯೋಗವೇ ಹೆಚ್ಚು ಇಷ್ಟ.

ಪ್ರೋಟೀನ್ ಜೀವಕೋಶದ ಯಾವ ಮೂಲೆಯಲ್ಲಿದೆ ಎಂದು ಕಾಣಲು ಲೋಳೆಮೀನಿನ ಹಸಿರು ಹೊಳೆಯುವ ಪ್ರೋಟೀನನ್ನು ಅದಕ್ಕೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈರುಳ್ಳಿಯ ಸಿಪ್ಪೆಪೊರೆ ಇದಕ್ಕೆ ಒಳ್ಳೆಯದು.

ಅರೇಬಿಕಾ ಬೆಳೆಗಾರರ ತಲೆನೋವಾದ ಎಲೆ ತುಕ್ಕು ಎಂಬ ಶಿಲೀಂಧ್ರ ರೋಗಕ್ಕೂ ಇದೇ ಕ್ರಮ ಹೊಂದುತ್ತದೆ. ಎಸ್.795 ಎಂಬ ಅರೇಬಿಕಾ ತಳಿಗೆ ಲೈಬೀರಿಕಾ ಕಾಫಿಯಿಂದ ಬಂದ ಎಸ್‌ಎಚ್3 ಎಂಬ ನಿರೋಧಕ ಗುಣವಿದೆ. ಅರೇಬಿಕಾದಲ್ಲಿ ವರ್ಣತಂತುಗಳು 44, ರೊಬಸ್ಟಾದ ಇಮ್ಮಡಿ. ಹಾಗಾಗಿ ಒಂದೇ ಜೀನಿಗೆ ಹೋಲುವ ಪ್ರತಿಗಳು ಅದರಲ್ಲಿ ಹೆಚ್ಚು, ಒಂದು ಪ್ರತಿ ಕೆಡಿಸಿದರೆ ಇನ್ನೊಂದು ಅದರ ಕೆಲಸ ನೋಡಿಕೊಂಡುಬಿಡಬಹುದು. ಆದ್ದರಿಂದ ಹೋಲುವ ಪ್ರತಿಗಳನ್ನೆಲ್ಲ ಒಟ್ಟಿಗೆ ಸುಮ್ಮನಾಗಿಸಿ, ಎಲೆಯ ಅಡಿಭಾಗಕ್ಕೆ ತುಕ್ಕಿನ ಬೀಜಾಣು ಸವರಿ, ಕಿತ್ತಳೆ ಬಣ್ಣದ ಪುಡಿ ಏಳುತ್ತದೆಯೇ ಎಂದು ವಾರಗಟ್ಟಲೆ ಕಾಯಬೇಕು.