ಗೆಳತಿಯ ಫೋಟೊ ಪ್ರದರ್ಶನಕ್ಕೆ ಹೋಗುವಾಗ

ಕಾಲೇಜಿನಲ್ಲಿ ಓದುವ ಗೆಳತಿ ಫೋಟೊ ಪ್ರದರ್ಶನ ಇಟ್ಟಿದ್ದರೆ ಎರಡು ಸಲ ಹೋಗಿ. ಉದ್ಘಾಟನೆ ದಿನ ಭಾಷಣ, ಕಾಫಿ, ಸೆಲ್ಫಿ ಗಲಾಟೆ ಇರುತ್ತದೆ. ಅವತ್ತು ಅವಳ ಪಕ್ಕದಲ್ಲಿ ನೀವಿದ್ದರೆ ಸಾಕು. ಫೋಟೊ ನೋಡುವುದು ಮರುದಿನ ಮಧ್ಯಾಹ್ನದ ಕೆಲಸ.

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಕೊಡೆ ಬಿಟ್ಟು ಹೊರಡುವ ಹಾಗಿಲ್ಲ. ಆದರೆ ಅದನ್ನು ಬಾಗಿಲ ಹೊರಗೇ ಇಡಿ. ಪ್ರಿಂಟ್‌ಗಳಿಗೆ ಥಂಡಿ ಆಗುವುದಿಲ್ಲ, ಅಂಚು ಸುರುಟಿಕೊಳ್ಳುತ್ತದೆ.

ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಮನಸ್ಸು ಎಲ್ಲಿ ನಿಂತಿತೋ ಅಲ್ಲಿಗೆ ವಾಪಸ್ ಬನ್ನಿ. 12×18 ಇಂಚಿನ ಪ್ರಿಂಟ್ ಆದರೆ ಎರಡು ಮೂರು ಅಡಿ ದೂರದಿಂದ ಇಡಿಯಾಗಿ ಕಾಣುತ್ತದೆ. ಗ್ಲಾಸಿ ಕಾಗದದ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ನನ್ನ ಗೆಳತಿಯ ಪ್ರದರ್ಶನದಲ್ಲಿ ನನ್ನನ್ನು ಹಿಡಿದಿಟ್ಟದ್ದು ಅಡಿಕೆ ಸುಲಿಯುವ ಹೆಂಗಸರ ಫೋಟೊ. ತೀರ್ಥಹಳ್ಳಿ ಕಡೆ ಅವಳ ಮನೆ ಅಂಗಳ, ರಾತ್ರಿ, ಒಂದೇ ಬಲ್ಬು. ಮೆಟ್ಟುಗತ್ತಿ ಮುಂದೆ ಕೂತ ಐದಾರು ಜನ. ಚಿತ್ರದ ತುಂಬಾ ಗ್ರೇನ್, ಅಂದರೆ ಮರಳಿನಂಥ ಸಣ್ಣ ಚುಕ್ಕೆ. ಒಬ್ಬರ ಕೈ ಮಾತ್ರ ಮಸುಕು. "ಈ ಕೈ ಯಾಕೆ ಹೀಗಿದೆ?" ಅಂತ ಕೇಳಿದೆ. ಅವಳ ಮುಖ ಅರಳಿತು. ಫ್ಲ್ಯಾಶ್ ಹಾಕಿದ್ದರೆ ಆ ಹಳದಿ ಬೆಳಕೇ ಹೋಗುತ್ತಿತ್ತಂತೆ. ಅದಕ್ಕೇ ಕಡಿಮೆ ಬೆಳಕಲ್ಲೂ ಚಿತ್ರ ಬೆಳ್ಳಗೆ ಬರಲಿ ಅಂತ ಕ್ಯಾಮೆರಾದ ಐಎಸ್‌ಒ 6400ಕ್ಕೆ ಏರಿಸಿದ್ದಳು, ಗ್ರೇನ್ ಬಂತು. ಕೈ ಅಲುಗದ ಹಾಗೆ ಕಂಬಕ್ಕೆ ಒರಗಿ, ಶಟರ್ 1/15 ಸೆಕೆಂಡ್ ತೆರೆದಿಟ್ಟು ತೆಗೆದಿದ್ದಳು. ಕೂತವರು ಸ್ಪಷ್ಟ, ಓಡುವ ಕೈ ಮಸುಕು. "ದೊಡ್ಡಮ್ಮ ಸುಲಿಯೋ ಸ್ಪೀಡು ಗೊತ್ತಲ್ವಾ ನಿಂಗೆ? ಆ ಕೈ ನಿಂತಿದ್ರೆ ಅದು ದೊಡ್ಡಮ್ಮನೇ ಅಲ್ಲ" ಅಂದಳು.

ಹಾಗಾಗಿ "ಸೂಪರ್ ಕಣೇ" ಅನ್ನುವುದಕ್ಕಿಂತ ಕೇಳಿ. ಎಲ್ಲಿ ನಿಂತಿದ್ದೆ? ಎಷ್ಟು ಹೊತ್ತು ಕಾದೆ? ಜೋಗದ ಫೋಟೊ ಇದ್ದರೆ ನೀರನ್ನು ಗಮನಿಸಿ. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೆ ನೀರು ಹಾಲಿನ ಹಾಗೆ ಇಳಿಯುತ್ತದೆ. 1/1000ದಲ್ಲಿ ಹನಿ ಹನಿಯೂ ಬೇರೆ ಕಾಣುತ್ತದೆ. ಅವಳು ಯಾವುದನ್ನು ಆರಿಸಿದಳು, ಯಾಕೆ? ಕ್ಯಾಮೆರಾ ಯಾವುದು ಅಂತ ಎಲ್ಲರೂ ಕೇಳಿರುತ್ತಾರೆ, ನೀವು ಬಿಡಿ.

ಹಿಡಿಸದ ಫೋಟೊ ಇದ್ದರೆ ಅದನ್ನೂ ಹೇಳಿ. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿ ಫೋಟೊಗಳು ಜಾಸ್ತಿ ಆದವು ಅಂತ ನಾನು ಹೇಳಿದೆ. ಆದರೆ ಹೊರಗೆ ಬಂದ ಮೇಲೆ, ನಾವಿಬ್ಬರೇ ಇದ್ದಾಗ. ಅವಳ ಮೇಷ್ಟ್ರ ಎದುರಿಗಂತೂ ಬೇಡವೇ ಬೇಡ.

ಅಭಿಪ್ರಾಯದ ಪುಸ್ತಕದಲ್ಲಿ ಒಂದೇ ಫೋಟೊ ಬಗ್ಗೆ ಎರಡು ಸಾಲು ಬರೆಯಿರಿ.

ಸಾಧ್ಯವಾದರೆ ಫೋಟೊದಲ್ಲಿ ಇರುವವರನ್ನು ಕರೆತನ್ನಿ. ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ. ದೊಡ್ಡಮ್ಮನನ್ನು ಬಸ್‌ಸ್ಟ್ಯಾಂಡಿನಿಂದ ಆಟೊದಲ್ಲಿ ನಾನೇ ಕರೆತಂದೆ. ಅವರು ತಮ್ಮ ಮುಖ ನೋಡಲೇ ಇಲ್ಲ. "ರಾಶಿ ಎಷ್ಟು ಸಣ್ಣದಿದೆ ನೋಡು, ಅಡಿಕೆಗೆ ಕೊಳೆರೋಗ ಬಂದ ವರ್ಷ ಅದು" ಅಂದರು. ತೆಗೆದವಳಿಗೂ ಅದು ಹೊಳೆದಿರಲಿಲ್ಲ.

ಕೊನೆಯ ದಿನ ಸಂಜೆಯೂ ಬಿಡುವು ಮಾಡಿಕೊಳ್ಳಿ. ಫೋಟೊ ಇಳಿಸುವ ಹೊತ್ತಿಗೆ ಯಾರೂ ಇರುವುದಿಲ್ಲ. ಪ್ರಿಂಟಿನ ಅಂಚು ಹಿಡಿಯಿರಿ, ಮೇಲೆ ಬೆರಳು ತಾಗಿಸಬೇಡಿ. ನಡುವೆ ಬಟರ್ ಪೇಪರ್ ಇಟ್ಟು, ಹೊರಗಿನಿಂದ ಪ್ಲಾಸ್ಟಿಕ್ ಸುತ್ತಿ. ಇಷ್ಟವಾದ ಒಂದನ್ನು ದುಡ್ಡು ಕೊಟ್ಟೇ ತಗೊಳ್ಳಿ. ಪ್ರಿಂಟು, ಫ್ರೇಮಿನ ಖರ್ಚು ಅವಳ ಕೈಯಿಂದಲೇ ಹೋಗಿರುತ್ತದೆ.